ಪತ್ತನಾಜೆಯ ಅವಸರ, ಬಿಸಿಲಿನಲ್ಲಿ ಸ್ಲ್ಯಾಬ್!

ಬಂಟ್ವಾಳ: ಬಿ.ಸಿ. ರೋಡಿನಿಂದ ಸಿದ್ದಕಟ್ಟೆಯಾಗಿ ಮೂಡುಬಿದಿರೆಗೋ, ಪುಂಜಾಲಕಟ್ಟೆಯಾಗಿ ಬೆಳ್ತಂಗಡಿಗೋ ಏಪ್ರಿಲ್-ಮೇ ತಿಂಗಳಲ್ಲಿ ಬಸ್ಸಿನಲ್ಲಿ ಹೋಗುವವರಿಗೆ ಒಂದು ನೋಟ ತಪ್ಪಿದ್ದಲ್ಲ. ಕೆಂಪುಕಲ್ಲಿನ ಗೋಡೆ, ಮೇಲೆ ಸೆಂಟ್ರಿಂಗ್, ಅಂಗಳದಲ್ಲಿ ಗರಗರ ತಿರುಗುವ ಮಿಕ್ಸರ್. ಪತ್ತನಾಜೆಯೊಳಗೆ ಸ್ಲ್ಯಾಬ್ ಆಗಲೇಬೇಕು, ಮಳೆ ಹಿಡಿದರೆ ಮುಗೀತು ಎಂಬ ಅವಸರ ಎಲ್ಲರಿಗೂ. ಬಿಸಿಲು ಏರುವುದೂ, ಬಾವಿಯ ನೀರು ತಳ ಹಿಡಿಯುವುದೂ ಅದೇ ಹೊತ್ತಿಗೆ!

"ಬಿಸಿಲು ಜೋರಿದ್ರೆ ಒಳ್ಳೇದಲ್ವಾ ಮೇಸ್ತ್ರಿಗಳೇ, ಬೇಗ ಒಣಗ್ತದೆ" ಎನ್ನುವ ಯಜಮಾನರಿದ್ದಾರೆ. ಎಡವಟ್ಟು ಇರುವುದು ಇಲ್ಲೇ. ಕಾಂಕ್ರೀಟು ಹಪ್ಪಳದ ಹಾಗೆ ಒಣಗಿ ಗಟ್ಟಿಯಾಗುವ ವಸ್ತುವಲ್ಲ. ಸಿಮೆಂಟು ನೀರಿನೊಡನೆ ಕೂಡಿ ಗಟ್ಟಿಯಾಗುತ್ತದೆ, ಕೂಡುವಾಗ ತಾನೂ ಬಿಸಿ ಬಿಡುತ್ತದೆ. 1935ರಲ್ಲಿ ಮುಗಿದ ಅಮೆರಿಕದ ಹೂವರ್ ಅಣೆಕಟ್ಟಿನಲ್ಲಿ ಈ ಬಿಸಿ ಇಳಿಸಲೆಂದೇ ಕಾಂಕ್ರೀಟಿನೊಳಗೆ ಕೊಳವೆ ಹಾಕಿ ತಣ್ಣೀರು ಹರಿಸಿದ್ದರು. ನಾಲ್ಕೈದು ಇಂಚಿನ ಸ್ಲ್ಯಾಬಿಗೆ ಅಷ್ಟೆಲ್ಲ ಬೇಡ. ಇಲ್ಲಿ ಕಾಟ ಕೊಡುವುದು ಮೇಲಿನ ಬಿಸಿಲು.

ಗೋಳಿಬಜೆ ಕಾಯಿಸುವ ಹೋಟೆಲಿನವರನ್ನು ಕೇಳಿದರೆ ತಿಳಿಯುತ್ತದೆ. ಎಣ್ಣೆ ಅತಿಯಾಗಿ ಕಾದರೆ ಹೊರಗೆ ಕೆಂಪು, ಒಳಗೆ ಹಸಿಹಿಟ್ಟು. ಸಿಮೆಂಟಿನ ಕಣದ್ದೂ ಅದೇ ಪಾಡು. ಹೊರಮೈ ಬೇಗ ಬಿಗಿದು ನೀರನ್ನು ಒಳಗೆ ಬಿಡುವುದಿಲ್ಲ. ಮೊದಲೆರಡು ದಿನ ಬಲ ಜಾಸ್ತಿಯೇ ಕಾಣುತ್ತದೆ. 28ನೇ ದಿನ ಪರೀಕ್ಷಿಸಿದರೆ, ತಂಪಿನಲ್ಲಿ ಹಾಕಿದ್ದಕ್ಕಿಂತ ಹಿಂದೆ.

ಇನ್ನೊಂದು ಕಿತಾಪತಿ ಮಿಕ್ಸರಿನ ಬಳಿ ನಡೆಯುತ್ತದೆ. ಬಿಸಿಲಿಗೆ ಮಾಲು ಬೇಗ ಬಿಗಿಯುತ್ತದೆ, ಸಲಾಕೆಗೆ ಬಗ್ಗುವುದಿಲ್ಲ. ಆಗ ಬೀಳುತ್ತದೆ ಮತ್ತೊಂದು ಬಕೆಟ್ ನೀರು! 50 ಕಿಲೋ ಚೀಲಕ್ಕೆ 25 ಲೀಟರಿನ ಲೆಕ್ಕ ಇದ್ದಲ್ಲಿ 5 ಲೀಟರು ಹೆಚ್ಚಾದರೂ ಬಲ ಕುಂದುತ್ತದೆ. ಆ ನೀರು ಆವಿಯಾಗಿ ಹೋದ ಜಾಗದಲ್ಲಿ ಉಳಿಯುವುದು ಸಣ್ಣ ಸಣ್ಣ ತೂತು. ಸಾಲ ಮಾಡಿ ಕಟ್ಟಿದ ಅಂಗಡಿಯೊಳಗೆ ಜೂನ್ ತಿಂಗಳ ಮಳೆ ಇಳಿಯುವುದು ಅದೇ ದಾರಿಯಲ್ಲಿ. ಮೂಡುಬಿದಿರೆಯ ಸಾವಿರ ಕಂಬದ ಬಸದಿ 1430ರದ್ದು, ಶಿಲೆಯದ್ದು. ಅದಕ್ಕೆ ಈ ಫಜೀತಿ ಇಲ್ಲ.

ಉಪಾಯ ದುಬಾರಿಯದ್ದೇನಲ್ಲ. ಬೆಳಕು ಹರಿಯುತ್ತಲೇ ಕೆಲಸ ಹಿಡಿಯಬೇಕು. ಜಲ್ಲಿಯ ರಾಶಿಗೆ ನೆರಳು ಮಾಡಿ ನೀರು ಚಿಮುಕಿಸಬೇಕು. ಬಿಸಿಲಿಗೆ ಕಾದ ಟ್ಯಾಂಕಿಯ ನೀರು ಬೇಡ, ಬಾವಿಯ ತಣ್ಣೀರೇ ಆಗಬೇಕು. ಸ್ಲ್ಯಾಬ್ ಬಿಗಿಯುತ್ತಲೇ ಒದ್ದೆ ಗೋಣಿ ಹೊದೆಸಿ, ಮರುದಿನ ಗದ್ದೆಹುಣಿಯಂತೆ ಸಣ್ಣ ಅಂಚು ಕಟ್ಟಿ ನೀರು ನಿಲ್ಲಿಸಬೇಕು. ಎಷ್ಟು ದಿನ? ಐ.ಎಸ್. 456 ಎಂಬ 2000ದ ಸರ್ಕಾರಿ ಮಾನದಂಡದ ಪ್ರಕಾರ ಸಾದಾ ಸಿಮೆಂಟಿಗೆ ಕನಿಷ್ಠ 7 ದಿನ, ಒಣ ಬಿಸಿಲಿದ್ದರೆ 10. ಚೀಲದ ಮೇಲೆ ಪಿ.ಪಿ.ಸಿ. ಎಂದಿದ್ದರೆ 14 ದಿನ ಒಳ್ಳೆಯದು. ಮೂರು ದಿನ ಪೈಪು ಹಿಡಿದು "ಸಾಕು ಮಾರಾಯ್ರೇ" ಎನ್ನುವುದು ಲೆಕ್ಕಕ್ಕಿಲ್ಲ.

ಬಾವಿ ಬತ್ತಿದವರು ಟ್ಯಾಂಕರ್ ನೀರಿನ ಖರ್ಚನ್ನು ಸಿಮೆಂಟಿನ ಲೆಕ್ಕದೊಟ್ಟಿಗೇ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಅದೂ ಆಗದಿದ್ದರೆ ದೀಪಾವಳಿ ಕಳೆದು ಮಳೆ ಬಿಟ್ಟ ಮೇಲೆ, ಬಾವಿ ತುಂಬಿರುವಾಗಲೇ ಸ್ಲ್ಯಾಬ್ ಹಾಕಿಸಬಹುದು.