ಪ್ರತಿಕಾಯವು ಹಿಡಿದುದು ಯಾವುದನ್ನು?

ಹರಪನಹಳ್ಳಿ, ಕೊಟ್ಟೂರು, ಹಡಗಲಿಗಳ ಸೀಮೆಯಲ್ಲಿ ಹಲ್ಲು ಕೀಳಿಸಿದ ಬಳಿಕ ರಕ್ತ ನಿಲ್ಲದ, ಮೂಗಿನಿಂದ ಪದೇ ಪದೇ ನೆತ್ತರು ಸುರಿಯುವ ಮಗುವನ್ನು ತಾಯ್ತಂದೆಗಳು ದಾವಣಗೆರೆಯ ದೊಡ್ಡ ಆಸ್ಪತ್ರೆಗಳಿಗೆ ಕರೆದೊಯ್ಯುವರು; ಕುಸುಮರೋಗಿಗಳಿಗಾಗಿ ಬಹುಕಾಲದಿಂದ ದುಡಿಯುತ್ತಿರುವ ಕರ್ನಾಟಕ ಹಿಮೋಫಿಲಿಯಾ ಸೊಸೈಟಿಯೂ ಆ ಊರಿನದೇ. ಆದರೆ ನಿಲ್ಲದ ರಕ್ತಸ್ರಾವವೆಲ್ಲ ಕುಸುಮರೋಗವಲ್ಲ. ಕುಸುಮರೋಗದಲ್ಲಿ ಸಾಮಾನ್ಯವಾಗಿ ಕೊರತೆಯಾಗುವುದು ಎಂಟನೆಯ ಫ್ಯಾಕ್ಟರ್ ಎಂಬ ಪ್ರೋಟೀನು. ಆ ರೋಗವು ಬಹುಮಟ್ಟಿಗೆ ಗಂಡುಮಕ್ಕಳನ್ನೇ ಬಾಧಿಸುವುದು. 1926ರಲ್ಲಿ ಫಿನ್ಲೆಂಡಿನ ವೈದ್ಯ ಎರಿಕ್ ಫಾನ್ ವಿಲ್ಲೆಬ್ರಾಂಡನು ವರ್ಣಿಸಿದ ಇನ್ನೊಂದು ವ್ಯಾಧಿಯಾದರೋ ಹೆಣ್ಣು ಗಂಡೆನ್ನದೆ ಬರತಕ್ಕದ್ದು; ಅದರ ಅತ್ಯುಗ್ರ ರೂಪವು ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವ ರೂಢಿಯುಳ್ಳ ನಮ್ಮಂಥ ಸಮಾಜಗಳಲ್ಲಿ ಹೆಚ್ಚಾಗಿ ಕಾಣತಕ್ಕದ್ದು.

ಈ ಎರಡನ್ನು ಬೇರ್ಪಡಿಸಲು ಪ್ರಯೋಗಶಾಲೆಯು ಪ್ರತಿಕಾಯಗಳ ಮೊರೆಹೋಗುವುದು. ಪ್ರತಿಕಾಯವೆಂದರೆ ಒಂದು ಪ್ರೋಟೀನಿನ ಮೈಮೇಲಿನ ನಿರ್ದಿಷ್ಟ ತಾಣವೊಂದನ್ನು ಗುರುತಿಸಿ ಕಚ್ಚಿಕೊಳ್ಳುವ ಮತ್ತೊಂದು ಪ್ರೋಟೀನು. ಆದರೆ ಇಲ್ಲಿ ಹಿಡಿಯಬೇಕಾದ ಪ್ರೋಟೀನುಗಳು ರಕ್ತದಲ್ಲಿ ಅತ್ಯಲ್ಪ: ಮಿಲಿಲೀಟರು ಪ್ಲಾಸ್ಮಾದಲ್ಲಿ ಆಲ್ಬುಮಿನ್ ಸುಮಾರು 40 ಮಿಲಿಗ್ರಾಂ ಇದ್ದರೆ, ಆ ಎರಡನೆಯ ವ್ಯಾಧಿಯಲ್ಲಿ ಕೊರತೆಯಾಗುವ ವಿಲ್ಲೆಬ್ರಾಂಡ್ ಪ್ರೋಟೀನು ಸುಮಾರು 10 ಮೈಕ್ರೋಗ್ರಾಂ. ಎಂಟನೆಯ ಫ್ಯಾಕ್ಟರು ಅದರ ನೂರರಲ್ಲೊಂದೆರಡು ಪಾಲು ಮಾತ್ರ, ಅದೂ ವಿಲ್ಲೆಬ್ರಾಂಡ್ ಪ್ರೋಟೀನನ್ನೇ ಆತುಕೊಂಡು ಸಂಚರಿಸುವಂಥದು.

ಇಲ್ಲಿಯೇ ಶೋಧಕರು ಎಡವಿದರು. 1971ರಲ್ಲಿ ಅಮೆರಿಕದ ಝಿಮ್ಮರ್‌ಮನ್, ರಾಟ್ನಾಫ್, ಪೋವೆಲ್ ಎಂಬವರು ಎಂಟನೆಯ ಫ್ಯಾಕ್ಟರನ್ನು ಶುದ್ಧೀಕರಿಸಿ, ಮೊಲಗಳಿಗೆ ಚುಚ್ಚಿ ಪ್ರತಿಕಾಯವನ್ನು ಪಡೆದರು. ಅದನ್ನು ಬಳಸಿ ನೋಡಲು, ಕುಸುಮರೋಗಿಗಳ ರಕ್ತದಲ್ಲಿ ಆ ವಸ್ತು ಧಾರಾಳವಾಗಿ ಕಂಡಿತು. ವಿಲ್ಲೆಬ್ರಾಂಡ್ ರೋಗಿಗಳಲ್ಲಿ ಮಾತ್ರ ಕಡಮೆಯಾಗಿತ್ತು. ಕುಸುಮರೋಗಿಯ ದೇಹವು ಕೆಲಸಕ್ಕೆ ಬಾರದ ಫ್ಯಾಕ್ಟರನ್ನು ತಯಾರಿಸುತ್ತಿದೆಯೆಂದು ಊಹಿಸಲು ಇಷ್ಟು ಸಾಕಾಯಿತು. ಕ್ರಮೇಣ ತಿಳಿದುಬಂದುದೇನೆಂದರೆ, ಕೊಟ್ಟೂರಿನ ತೇರನ್ನು ದೂರದಿಂದ ಕಂಡವನು ಒಳಗಿನ ಉತ್ಸವಮೂರ್ತಿಯನ್ನೇ ಕಂಡೆನೆಂದು ಬಗೆದಂತೆ, ಆ ಪ್ರತಿಕಾಯವು ಹಿಡಿದಿದ್ದುದು ಎಂಟನೆಯ ಫ್ಯಾಕ್ಟರನ್ನಲ್ಲ, ಅದನ್ನು ಹೊತ್ತೊಯ್ಯುವ ವಿಲ್ಲೆಬ್ರಾಂಡ್ ಪ್ರೋಟೀನನ್ನು. ಆದರೂ ಆ ಪ್ರಯೋಗವೇ ಎರಡು ರೋಗಗಳನ್ನು ಬೇರ್ಪಡಿಸುವ ದಾರಿಯನ್ನು ತೆರೆದುದರಿಂದ, ಅದನ್ನು ನಾನು ಸೋಲೆಂದು ಕರೆಯಲಾರೆ.

1975ರಲ್ಲಿ ಕೋಲರ್ ಮತ್ತು ಮಿಲ್‌ಸ್ಟೈನರು ಒಂದೇ ತಾಣವನ್ನು ಹಿಡಿಯುವ ಏಕರೂಪದ ಪ್ರತಿಕಾಯಗಳನ್ನು ಎಡೆಬಿಡದೆ ತಯಾರಿಸುವ ವಿಧಾನವನ್ನು ಕಂಡುಹಿಡಿದ ಮೇಲೆ ಆಯ್ಕೆ ಸುಗಮವಾಯಿತು, ಆದರೆ ಎಚ್ಚರ ಅನವಶ್ಯಕವಾಗಲಿಲ್ಲ. ಕುದಿಸಿ ಮಡಿಕೆ ಬಿಚ್ಚಿದ ಪ್ರೋಟೀನನ್ನು ಚೆನ್ನಾಗಿ ಹಿಡಿಯುವ ಪ್ರತಿಕಾಯವು ರಕ್ತದಲ್ಲಿ ಸಹಜ ರೂಪದಲ್ಲಿರುವ ಅದೇ ಪ್ರೋಟೀನನ್ನು ಹಿಡಿಯದಿರಬಹುದು. ಎರಡು ಪ್ರತಿಕಾಯಗಳ ನಡುವೆ ಪ್ರೋಟೀನನ್ನು ಸಿಕ್ಕಿಸುವ ಎಲೀಸಾ ಪರೀಕ್ಷೆಯಲ್ಲಿ ಅವೆರಡೂ ಒಂದಕ್ಕೊಂದು ಅಡ್ಡಬರದಂತೆ ಬೇರೆ ಬೇರೆ ತಾಣಗಳನ್ನು ಹಿಡಿಯಬೇಕು. ಎಲ್ಲಕ್ಕಿಂತ ಮುಖ್ಯವಾದುದು ಇಲ್ಲದಿರುವಿಕೆಯ ಪರೀಕ್ಷೆ: ತೊಂಬತ್ತಾರು ಗುಳಿಗಳ ತಟ್ಟೆಯಲ್ಲಿ, ಉಗ್ರ ವಿಲ್ಲೆಬ್ರಾಂಡ್ ವ್ಯಾಧಿಯವನ ಪ್ಲಾಸ್ಮಾ ತುಂಬಿದ ಗುಳಿಯು ಬಣ್ಣವೇರದೆ ಉಳಿಯಬೇಕು; ಪಕ್ಕದ ಗುಳಿಗಳಂತೆ ಅದೂ ನೀಲಿಗಟ್ಟಿ, ಆಮ್ಲ ಬಿದ್ದೊಡನೆ ಹಳದಿಯಾದರೆ, ಡಬ್ಬಿಯ ಮೇಲಿನ ಹೆಸರು ಏನೇ ಇರಲಿ, ಆ ಪ್ರತಿಕಾಯವು ಬೇರಾವುದನ್ನೋ ಹಿಡಿಯುತ್ತಿದೆ.

ಪ್ರತಿಕಾಯವು ಸರಿಯಾದುದನ್ನೇ ಹಿಡಿದರೂ ಎಚ್ಚರ ಬೇಕು: ಓ ಗುಂಪಿನ ರಕ್ತದವರಲ್ಲಿ ವಿಲ್ಲೆಬ್ರಾಂಡ್ ಪ್ರೋಟೀನು ಇತರರಿಗಿಂತ ಸುಮಾರು ಕಾಲುಭಾಗ ಕಡಮೆಯಿರುವುದು ಸಹಜ. ಅದನ್ನು ಲೆಕ್ಕಕ್ಕೆ ಹಿಡಿಯದೆ ರೋಗವೆಂದು ಬರೆದರೆ ಒಂದು ಮನೆತನವನ್ನೇ ವೃಥಾ ಕಳವಳಕ್ಕೆ ಈಡುಮಾಡಿದಂತಾಗುವುದು. ಆದುದರಿಂದ ನಮ್ಮ ಸೀಮೆಯಿಂದ ಈ ಶಾಸ್ತ್ರಕ್ಕೆ ಹೋಗುವ ವಿದ್ಯಾರ್ಥಿಗಳು, ತಾವು ಬಳಸಿದ ಪ್ರತಿಕಾಯ ಯಾವುದು, ಯಾವ ಬ್ಯಾಚಿನದು, ಆ ಪ್ರೋಟೀನಿಲ್ಲದ ಪ್ಲಾಸ್ಮಾದಲ್ಲಿ ಅದು ಹೇಗೆ ವರ್ತಿಸಿತು ಎಂಬುದನ್ನು ಪ್ರತಿಯೊಂದು ವರದಿಯಲ್ಲಿಯೂ ತಪ್ಪದೆ ಬರೆದಿಡಬೇಕೆಂದು ಬಿನ್ನವಿಸುತ್ತೇನೆ.