ಕೊಂಡಿಯ ವಿಳಾಸ

ಪರಸ್ಥಳದಿಂದ ಕಾಗದ ಬರೆಯುವವನು ಮನೆಯ ಸಂಖ್ಯೆ, ಬೀದಿ, ಊರು, ಜಿಲ್ಲೆ, ಪಿನ್‌ಕೋಡ್ ಎಲ್ಲವನ್ನೂ ಬರೆಯಬೇಕು. ಅದೇ ಬೀದಿಯಲ್ಲಿ ನಿಂತು ದಾರಿ ಕೇಳುವವನಿಗಾದರೋ ‘ಇಲ್ಲಿಂದ ಬಲಕ್ಕೆ ಮೂರನೆಯ ಮನೆ’ ಎಂದರೆ ಸಾಕು. ಮೊದಲನೆಯ ವಿಳಾಸ ಎಲ್ಲಿಂದ ನೋಡಿದರೂ ಒಂದೇ. ಎರಡನೆಯದಕ್ಕೆ ಕೇಳುವವನು ನಿಂತ ಸ್ಥಳವೇ ಆಧಾರ. ಜಾಲತಾಣದಲ್ಲಿ ಒಂದು ಪುಟದಿಂದ ಮತ್ತೊಂದಕ್ಕೆ ಕೊಂಡಿ ಹಾಕುವವನ ಮುಂದೆಯೂ ಇವೇ ಎರಡು ಮಾರ್ಗಗಳಿವೆ. ಒಂದು ಪೂರ್ಣ ವಿಳಾಸ, ಇನ್ನೊಂದು ಸಾಪೇಕ್ಷ ವಿಳಾಸ.

ಪೂರ್ಣ ವಿಳಾಸದಲ್ಲಿ ಪುಟವನ್ನು ತರಿಸುವ ಕ್ರಮ, ತಾಣದ ಹೆಸರು, ತಾಣದೊಳಗಿನ ದಾರಿ ಎಂಬ ಮೂರು ಅಂಗಗಳುಂಟು. ಸಾಪೇಕ್ಷ ವಿಳಾಸದಲ್ಲಿ ಮೊದಲೆರಡು ಇರುವುದಿಲ್ಲ. ಓದುಗನು ಆಗ ನೋಡುತ್ತಿರುವ ಪುಟದ ವಿಳಾಸದಿಂದ ಬ್ರೌಸರ್ ಅವನ್ನು ತಾನೇ ತುಂಬಿಕೊಳ್ಳುತ್ತದೆ. ಬರಿಯ ಕಡತದ ಹೆಸರಿದ್ದರೆ ಆ ಪುಟವಿರುವ ಫೋಲ್ಡರಿನಲ್ಲಿಯೇ ಹುಡುಕುತ್ತದೆ. ಹೆಸರಿನ ಮುಂಚೆ ಎರಡು ಚುಕ್ಕೆ ಮತ್ತು ಓರೆಗೆರೆ ಇದ್ದರೆ ಒಂದು ಮೆಟ್ಟಿಲು ಮೇಲೇರಿ ಹುಡುಕುತ್ತದೆ.

ಈ ಸಣ್ಣ ಉಪಾಯದ ಬೆಲೆ ತಿಳಿಯಬೇಕಾದರೆ ಜಗತ್ತಿನ ಮೊದಲ ಜಾಲತಾಣವನ್ನೇ ನೋಡಬಹುದು. ವರ್ಲ್ಡ್ ವೈಡ್ ವೆಬ್‌ನ ಕಲ್ಪನೆಯನ್ನು ಟಿಮ್ ಬರ್ನರ್ಸ್ ಲೀ ಅವರು 1989ರಲ್ಲಿ ಜಿನೀವಾದ ಬಳಿಯ ಸರ್ನ್ ಸಂಶೋಧನಾ ಕೇಂದ್ರದಲ್ಲಿ ಮುಂದಿಟ್ಟರು. ಅಲ್ಲಿಯ ಪುಟಗಳು 1991ರಲ್ಲಿ ಹೊರಲೋಕಕ್ಕೆ ತೆರೆದವು. ಅವುಗಳ 1992ರ ನವೆಂಬರ್ 3ರ ಪ್ರತಿಯೊಂದು ಇಂದು ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ ಎಂಬ ಸಂಸ್ಥೆಯ ತಾಣದಲ್ಲಿದೆ. ತಾಣ ಬೇರೆ, ಫೋಲ್ಡರಿನ ದಾರಿಯೂ ಬೇರೆ. ಆದರೂ ಅದರ ಮುಖಪುಟದಲ್ಲಿ ಯೋಜನೆಯ ಸಾರಾಂಶಕ್ಕೆ ಹಾಕಿದ ಕೊಂಡಿಯನ್ನು ಒತ್ತಿದರೆ ಸಾರಾಂಶವೇ ತೆರೆಯುತ್ತದೆ. ಕಾರಣವಿಷ್ಟೆ: ಆ ಕೊಂಡಿಯಲ್ಲಿ ಸರ್ನ್‌ನ ಹೆಸರಿಲ್ಲ, ಕಡತದ ಹೆಸರು ಮಾತ್ರ ಇದೆ. ಪೂರ್ಣ ವಿಳಾಸವನ್ನು ಬರೆದಿದ್ದರೆ ಪ್ರತಿಯೊಂದು ಒತ್ತಿಗೂ ಓದುಗನು ಆ ಪ್ರತಿಯನ್ನು ಬಿಟ್ಟು ಹೊರಬೀಳುತ್ತಿದ್ದನು. ಸರ್ನ್ ಸಂಸ್ಥೆಯು 2013ರಲ್ಲಿ 1992ರ ಪ್ರತಿಯೊಂದನ್ನು ಮೊದಲಿನ ವಿಳಾಸದಲ್ಲಿಯೇ ಮತ್ತೆ ನಿಲ್ಲಿಸಿದಾಗ ಅದೇ ಒಳಕೊಂಡಿಗಳು ಅಲ್ಲಿಗೂ ಹೊಂದಿಕೊಂಡವು.

ಪುಟವನ್ನು ತರಿಸುವ ಕ್ರಮವೂ ಬದಲಾಗುವುದುಂಟು. ಹಿಂದೆ ಬಹುತೇಕ ತಾಣಗಳು ಎಚ್‌ಟಿಟಿಪಿ ಎಂಬ ಕ್ರಮವನ್ನು ಬಳಸುತ್ತಿದ್ದವು. 2018ರ ಜುಲೈಯಲ್ಲಿ ಕ್ರೋಮ್ ಬ್ರೌಸರ್ ಅಂಥ ತಾಣಗಳನ್ನು ‘ಸುರಕ್ಷಿತವಲ್ಲ’ ಎಂದು ಗುರುತಿಸತೊಡಗಿತು. ತಾಣಗಳು ಗೂಢಲಿಪಿಯ ರಕ್ಷಣೆಯುಳ್ಳ ಎಚ್‌ಟಿಟಿಪಿಎಸ್‌ಗೆ ಸಾಗಿದಂತೆ, ಹಳೆಯ ಕ್ರಮವನ್ನೇ ಪೂರ್ಣ ವಿಳಾಸವಾಗಿ ಬರೆದಿಟ್ಟವರು ಪುಟಪುಟವನ್ನೂ ತಿದ್ದಬೇಕಾಯಿತು. ಸಾಪೇಕ್ಷ ಕೊಂಡಿಗಳಿಗೆ ಆ ತೊಂದರೆ ತಟ್ಟಲಿಲ್ಲ.

ಹಾಗೆಂದು ಸಾಪೇಕ್ಷ ವಿಳಾಸ ಎಲ್ಲೆಡೆ ಸಲ್ಲದು. ಬೇರೊಂದು ತಾಣಕ್ಕೆ ಕೊಂಡಿ ಹಾಕುವಾಗ ಪೂರ್ಣ ವಿಳಾಸವಿಲ್ಲದೆ ಗತಿಯಿಲ್ಲ. ಇ-ಮೇಲ್‌ನಲ್ಲಿ ಕಳುಹಿಸುವ ಕೊಂಡಿಯೂ ಅಂತೆಯೇ. ಅಲ್ಲಿ ಓದುಗನು ತಾಣದ ಯಾವ ಪುಟದ ಮೇಲೂ ನಿಂತಿರುವುದಿಲ್ಲ. ಪುಟಗಳ ಗುಂಪು ಒಟ್ಟಾಗಿ ಸಾಗುವಾಗ ನಿಷ್ಠೆಯಿಂದಿರುವ ಸಾಪೇಕ್ಷ ಕೊಂಡಿ, ಒಂದೇ ಪುಟವನ್ನು ಬೇರೆ ಫೋಲ್ಡರಿಗೆ ಒಯ್ದರೆ ದಾರಿ ತಪ್ಪಿಸುತ್ತದೆ.

ಹೊಸದಾಗಿ ಕಲಿಯುವವರು ಎಡವುವ ಸ್ಥಳ ಬೇರೊಂದಿದೆ. ಚಿತ್ರದ ಕೊಂಡಿಯಲ್ಲಿ ತಮ್ಮದೇ ಗಣಕದ ‘ಸಿ ಡ್ರೈವ್’ನಿಂದ ತೊಡಗಿ ದಾರಿಯನ್ನೆಲ್ಲ ಬರೆದುಬಿಡುತ್ತಾರೆ. ಅವರ ಗಣಕದಲ್ಲಿ ಚಿತ್ರ ಕಾಣುತ್ತದೆ. ಪೆನ್‌ಡ್ರೈವ್‌ನಲ್ಲಿ ಶಾಲೆಗೆ ತಂದೊಡನೆ ಮಾಯವಾಗುತ್ತದೆ. ಇದನ್ನು ಮೊದಲೇ ಕಂಡುಕೊಳ್ಳುವ ಬಗೆ ಸುಲಭ. ಸಿದ್ಧವಾದ ಫೋಲ್ಡರನ್ನು ಪೂರ್ತಿಯಾಗಿ ಇನ್ನೊಂದು ಗಣಕಕ್ಕೆ ನಕಲು ಮಾಡಿ, ಅಲ್ಲಿ ತೆರೆದು, ಕೊಂಡಿಗಳನ್ನು ಒಂದೊಂದಾಗಿ ಒತ್ತಿ ನೋಡಬೇಕು.