ಹಳೆಯ ಜಾವಾಕ್ಕೆ ಬಂದ ಹೊಸ ದಿನಾಂಕ

ಜಾವಾ ಭಾಷೆಯ ಹಳೆಯ ‘ಡೇಟ್’ ಕ್ಲಾಸಿನಲ್ಲಿ ಜನವರಿ ಎಂದರೆ 0, ಡಿಸೆಂಬರ್ ಎಂದರೆ 11. ವರ್ಷವನ್ನು 1900ರಿಂದ ಲೆಕ್ಕ ಹಾಕಬೇಕು. ಇದನ್ನಾದರೂ ರೂಢಿ ಮಾಡಿಕೊಳ್ಳಬಹುದಿತ್ತು. ನಿಜವಾದ ಅಪಾಯ ಬೇರೆ. ಪ್ರೋಗ್ರಾಮಿನ ಒಂದು ಭಾಗ ಸಾಲದ ಕಂತಿನ ದಿನಾಂಕವನ್ನು ಇನ್ನೊಂದಕ್ಕೆ ಕೊಟ್ಟಿತೆನ್ನಿ. ಪಡೆದದ್ದು ಅದನ್ನು ತಿದ್ದಿದರೆ ಕೊಟ್ಟದ್ದರ ಬಳಿಯೂ ದಿನಾಂಕ ಬದಲಾಗಿಬಿಡುತ್ತಿತ್ತು. 5 ಎಂಬ ಸಂಖ್ಯೆಯನ್ನು ಯಾರೂ 6 ಮಾಡಲಾರರು. ದಿನಾಂಕವೂ ಹಾಗೆ ಬದಲಾಗದ ಬೆಲೆಯಾಗಿರಬೇಕು. ‘ವ್ಯಾಲ್ಯೂ ಆಬ್ಜೆಕ್ಟ್’ ಎನ್ನುವುದು ಇದನ್ನೇ.

ಸ್ಟೀಫನ್ ಕೋಲ್ಬೋರ್ನ್ ಈ ಕೊರತೆ ತುಂಬಲು ‘ಜೋಡಾ-ಟೈಮ್’ ಎಂಬ ಲೈಬ್ರರಿ ಕಟ್ಟಿದರು. ಆ ಅನುಭವದ ಮೇಲೆ, ಅದರ ತಪ್ಪುಗಳನ್ನೂ ತಿದ್ದಿಕೊಂಡು, ಜಾವಾದೊಳಗೇ ಹೊಸ ದಿನಾಂಕ ವ್ಯವಸ್ಥೆ ತರಲು 2007ರಲ್ಲಿ ಜೆಎಸ್‌ಆರ್-310 ಎಂಬ ಪ್ರಸ್ತಾವ ಶುರುವಾಯಿತು. ಫಲ ಸಿಕ್ಕಿದ್ದು 2014ರ ಮಾರ್ಚ್‌ನಲ್ಲಿ, ಜಾವಾ 8ರ ಜೊತೆ.

ಆದರೆ ಜಾವಾ 6, 7ರಲ್ಲೇ ಓಡುತ್ತಿದ್ದ ವ್ಯವಸ್ಥೆಗಳ ಗತಿ? ಹೊಸ ವ್ಯವಸ್ಥೆಯನ್ನು ಅವುಗಳಿಗೂ ಒದಗಿಸಲೆಂದು ಕೋಲ್ಬೋರ್ನ್ ‘ತ್ರೀಟೆನ್ ಬ್ಯಾಕ್‌ಪೋರ್ಟ್’ ಸಿದ್ಧಪಡಿಸಿದರು. ಕೋಡನ್ನು ಎತ್ತಿ ಅಲ್ಲಿಟ್ಟರೆ ಮುಗಿಯುವ ಕೆಲಸ ಇದಲ್ಲ. ‘ಜಾವಾ’ ಎಂದು ಶುರುವಾಗುವ ಪ್ಯಾಕೇಜಿನೊಳಗೆ ಹೊರಗಿನವರ ಕ್ಲಾಸಿಗೆ ಪ್ರವೇಶವಿಲ್ಲ, ಹಾಗಾಗಿ ಹೆಸರು ಬೇರೆಯಾಯಿತು. ಇಂಟರ್‌ಫೇಸಿನೊಳಗೆ ಸಿದ್ಧ ಮೆಥಡ್ ಬರೆಯುವ ಸೌಲಭ್ಯ ಹಳೆಯ ಭಾಷೆಯಲ್ಲಿರಲಿಲ್ಲ. ಅಂಥ ಕೆಲವು ಇಂಟರ್‌ಫೇಸ್‌ಗಳು ಅಬ್‌ಸ್ಟ್ರ್ಯಾಕ್ಟ್ ಕ್ಲಾಸುಗಳಾದವು. ಮೆಥಡ್ ರೆಫರೆನ್ಸ್ ಇರಬೇಕಾದಲ್ಲಿ ‘ಫ್ರಮ್’ ಎಂಬ ಸ್ಥಿರಾಂಕಗಳು ಬಂದವು. ಹಳೆಯ ‘ಡೇಟ್’ ಕ್ಲಾಸಿಗೆ ಹೊಸ ಮೆಥಡ್ ಸೇರಿಸಲಾಗದ್ದರಿಂದ ಪರಿವರ್ತನೆಗೇ ಬೇರೊಂದು ಸಹಾಯಕ ಕ್ಲಾಸು. ರೂಪದಲ್ಲಿ ಇಷ್ಟೆಲ್ಲ ಬಿಟ್ಟುಕೊಟ್ಟರೂ, ಒಮ್ಮೆ ಹುಟ್ಟಿದ ದಿನಾಂಕ ಬದಲಾಗಬಾರದೆಂಬ ಮೂಲ ನಿಯಮವನ್ನು ಮಾತ್ರ ಸಡಿಲಿಸಲಿಲ್ಲ. ನನಗೆ ಈ ಕೆಲಸದ ಮೇಲೆ ಗೌರವ ಹುಟ್ಟಿದ್ದು ಇಲ್ಲಿಯೇ.

ಆಂಡ್ರಾಯ್ಡ್‌ನಲ್ಲಿ ಈ ಬ್ಯಾಕ್‌ಪೋರ್ಟ್ ಬಳಸುವವರಿಗೆ ಇನ್ನೊಂದು ತೊಡಕು: ಜಾರ್ ಫೈಲಿನೊಳಗಿಂದ ಟೈಮ್‌ಜೋನ್ ಮಾಹಿತಿ ಓದುವುದು ಫೋನಿಗೆ ಭಾರ. ಜೇಕ್ ವಾರ್ಟನ್ ಅದರ ಆಂಡ್ರಾಯ್ಡ್ ರೂಪವಾದ ತಮ್ಮ ‘ತ್ರೀಟೆನ್‌ಎಬಿಪಿ’ಯಲ್ಲಿ ಆ ಮಾಹಿತಿಯನ್ನು ಆ್ಯಪ್‌ನ ಅಸೆಟ್ ಆಗಿ ಇಟ್ಟರು. ಆಂಡ್ರಾಯ್ಡ್ 8ರಲ್ಲಿ, ಅಂದರೆ 2017ರಲ್ಲಿ, ಹೊಸ ದಿನಾಂಕ ವ್ಯವಸ್ಥೆಯೇ ಒಳಗೆ ಬಂತು. ಹೊಸ ಫೋನ್ ಕೊಳ್ಳಲಾಗದವರ ಪಾಲಿಗೆ ಅದು ಬಂದೂ ಬಾರದಂತಿತ್ತು. 2020ರಿಂದ ಬಿಲ್ಡ್ ಉಪಕರಣವೇ ಬೇಕಾದ ಭಾಗವನ್ನು ಆ್ಯಪ್‌ನೊಳಗೆ ಸೇರಿಸಿಕೊಡತೊಡಗಿತು. ಬ್ಯಾಕ್‌ಪೋರ್ಟ್ ನೆಚ್ಚಿದ್ದವರು ಬಹುಪಾಲು ಇಂಪೋರ್ಟ್ ಸಾಲುಗಳನ್ನು ಬದಲಿಸಿ, ಅಲ್ಲಲ್ಲಿ ‘ಫ್ರಮ್’ ತೆಗೆದು ಮೆಥಡ್ ರೆಫರೆನ್ಸ್ ಹಾಕಿಕೊಂಡರೆ ಸಾಕಾಯಿತು.